ಸೈಲೆನ್ಸರ್ ಬದಲಿಸಿದ ಹುಡುಗರು, ಫೋನ್ ಮಾಡಿದ ನಾವು

ರಾತ್ರಿ ಹತ್ತೂವರೆ. ದಿನದ ಕೊನೆಯ ಸುದ್ದಿ ಕಳಿಸಿ ಫೋನನ್ನು ಚಾರ್ಜಿಗೆ ಹಾಕಿದ್ದೆವು. ಅಕ್ಕನ ಮಗನ ಕರೆ ಬಂತು.

“ಮಾಮ, ಗಾಡಿ ಹಿಡ್ಕಂಡವ್ರೆ. ಸೈಲೆನ್ಸರ್ ವಿಚಾರಕ್ಕೆ. ಒಂದ್ ಮಾತು ಹೇಳ್ ಮಾಮ.”

ಈ ‘ಒಂದ್ ಮಾತು’ ಅಂದರೆ ಏನು ಅಂತ ಹಳ್ಳಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮಂಥ ಬಿಡಿ ಸುದ್ದಿಗಾರರಿಗೆ ಸಂಭಾವನೆ ಅಷ್ಟಕ್ಕಷ್ಟೆ, ಆದರೆ ಫೋನಿನಲ್ಲಿರುವ ನಂಬರುಗಳು ಚೆನ್ನಾಗಿರುತ್ತವೆ. ಠಾಣೆ, ತಾಲ್ಲೂಕು ಕಚೇರಿ, ಆಸ್ಪತ್ರೆ, ಎಲ್ಲ ಕಡೆ ಒಬ್ಬರಾದರೂ ಗೊತ್ತಿರುತ್ತಾರೆ. ನಾವು ಬರೆದದ್ದನ್ನು ಓದದ ಹುಡುಗರಿಗೂ ನಮ್ಮ ನಂಬರ್ ಬಾಯಿಪಾಠ.

ಹಿಂದೆ ಒಮ್ಮೆ ಆ ಮಾತು ಹೇಳಿದ್ದೆವು. ಅದನ್ನು ಮೊದಲು ಹೇಳಿಬಿಡುತ್ತೇವೆ. ಅದನ್ನು ಮುಚ್ಚಿಟ್ಟು ಈ ಲೇಖನ ಬರೆಯಲು ನಮಗೆ ಮುಖವಿಲ್ಲ.

ಐಮಂಗಲ ಗೊತ್ತಿಲ್ಲದವರಿಗೆ ಒಂದು ಮಾತು. ಬೆಂಗಳೂರು ಕಡೆಯಿಂದ ಪುಣೆ ಹೆದ್ದಾರಿಯಲ್ಲಿ ಹಿರಿಯೂರು ದಾಟಿ, ಚಿತ್ರದುರ್ಗ ಮುಟ್ಟುವ ಮುಂಚೆ ಸಿಗುವ ಹೋಬಳಿ ಊರು ಇದು. ಪೊಲೀಸ್ ತರಬೇತಿ ಶಾಲೆ ಇರುವುದು ಇಲ್ಲೇ. ಹೆದ್ದಾರಿಯ ನಂಬರ್ ಈಗ 48, ಹಳಬರ ಬಾಯಲ್ಲಿ ಇನ್ನೂ ಎನ್‌ಎಚ್ ನಾಲ್ಕೇ. ಲಾರಿ ಸದ್ದು ಹಗಲು ರಾತ್ರಿ ನಿಲ್ಲುವುದಿಲ್ಲ. ಆ ಸದ್ದಿಗೆ ಜನರೂ ಒಗ್ಗಿದ್ದಾರೆ, ದನವೂ ಒಗ್ಗಿವೆ. ಮಳೆ ಬಂದ ಹಾಗೆ ಒಂದೇ ಸಮ ಬರುವ ಸದ್ದು ಅದು.

ಹೋದ ವರ್ಷ ಪರಿಚಯದ ಹುಡುಗನೊಬ್ಬ ಬೈಕಿನ ಕಂಪನಿ ಸೈಲೆನ್ಸರ್ ತೆಗೆಸಿ ಗಿಡ್ಡ ಪೈಪು ಹಾಕಿಸಿದ್ದ. ಪೊಲೀಸರು ಹಿಡಿದರು. ಅವರಪ್ಪ ನಮ್ಮ ಮನೆ ಬಾಗಿಲಿಗೇ ಬಂದು ನಿಂತರು, ಕೂರಿ ಅಂದರೂ ಕೂರಲಿಲ್ಲ. ಫೋನ್ ಮಾಡಿದೆವು. ಗಾಡಿ ಬಿಟ್ಟರು. ಪೈಪು ಅದರಲ್ಲೇ ಇತ್ತು.

ಇಪ್ಪತ್ತು ದಿನ ಕಳೆದಿರಬೇಕು. ಸಂಜೆ ಹೊತ್ತು, ಊರಿನ ಅಜ್ಜ ಒಬ್ಬರು ಎತ್ತು ಹಿಡಿದುಕೊಂಡು ಹೊಲದಿಂದ ಬರುತ್ತಿದ್ದರು. ಹಗ್ಗದ ತುದಿಯನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಳ್ಳುವುದು ಅವರ ಅಭ್ಯಾಸ. ಹಿಂದಿನಿಂದ ಬಂದ ಹುಡುಗ ಪಕ್ಕದಲ್ಲೇ ‘ಪಟಾಕಿ’ ಹೊಡೆದ. ಓಡುವ ಗಾಡಿಯ ಕೀ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಉರಿಯದೆ ಉಳಿದ ಪೆಟ್ರೋಲು ಬಿಸಿ ಪೈಪಿನೊಳಗೆ ಢಂ ಅಂತ ಉರಿಯುತ್ತದಲ್ಲ, ಅದು. ಎತ್ತು ಬೆದರಿ ಕಿತ್ತುಕೊಂಡು ಓಡಿತು. ಹಗ್ಗ ಕೈಯಿಂದ ಬಿಡಲಿಲ್ಲ. ಅಜ್ಜನ ಎರಡು ಬೆರಳು ಮುರಿದವು, ಮೊಣಕೈವರೆಗೆ ಚರ್ಮ ಕಿತ್ತುಬಂತು.

ಅದು ಸುದ್ದಿಯಾಗಲಿಲ್ಲ. ನಾವು ಬರೆಯಲಿಲ್ಲ. ಬರೆದರೆ, ಇದೇ ಬೈಕನ್ನು ಮೊದಲೇ ಹಿಡಿದಿದ್ದರು, ಒಂದು ಫೋನ್ ಬಂದಿದ್ದರಿಂದ ಬಿಟ್ಟರು ಅನ್ನುವ ಸಾಲನ್ನೂ ಬರೆಯಬೇಕಾಗಿತ್ತು. ನೋಡಲು ಹೋದಾಗ ಅಜ್ಜ, “ಹುಡುಗ್ರು ಕಣಪ್ಪ, ಅವ್ಕೇನ್ ಗೊತ್ತಾಗ್ತೈತೆ, ಬುಡು” ಅಂದರು. ಫೋನ್ ಮಾಡಿದ್ದು ನಾವು ಅಂತ ಅವರಿಗೆ ಗೊತ್ತಿತ್ತೋ ಇಲ್ಲವೋ, ಕೇಳುವ ಧೈರ್ಯ ಬರಲಿಲ್ಲ. ಆ ಕೈಯಲ್ಲಿ ಈಗಲೂ ಮುಷ್ಟಿ ಕಟ್ಟಲು ಆಗುವುದಿಲ್ಲ. ಹಾಲು ಕರೆಯುವ ಕೆಲಸ ಸೊಸೆಗೆ ಬಿದ್ದಿದೆ.

ಹುಡುಗರನ್ನು ಬೈಯುವುದು ಸುಲಭ. ನಾವೂ ಇದನ್ನು ಮಾಡಿದವರೇ. ಡಿಪ್ಲೊಮಾ ಓದುವಾಗ ರೂಮಿನ ಮೂವರು ದುಡ್ಡು ಹಾಕಿ ಹಳೇ ಆರ್‌ಎಕ್ಸ್ 100 ಕೊಂಡಿದ್ದೆವು. ಆ ಗಾಡಿ ನಮ್ಮ ದೇಶದಲ್ಲಿ ತಯಾರಾದದ್ದು 1985ರಿಂದ 1996ರವರೆಗೆ ಮಾತ್ರ, ನಮ್ಮ ಕೈಗೆ ಬರುವಷ್ಟರಲ್ಲಿ ಎಷ್ಟು ಕೈ ದಾಟಿತ್ತೋ. ಇರುವುದು 98 ಸಿಸಿ ಎಂಜಿನ್ನು, ಆದರೆ ಆಸೆ ದೊಡ್ಡದು. ಸೈಲೆನ್ಸರಿನ ಹಿಂದಿನ ಸ್ಕ್ರೂ ಬಿಚ್ಚಿ ಒಳಗಿನ ತೂತುಗಳಿರುವ ಪೈಪನ್ನು ಎಳೆದು ಹಾಕಿದೆವು. ಸದ್ದು ಬಂತು ನೋಡಿ! ಬಸ್ ಸ್ಟ್ಯಾಂಡಿನಲ್ಲಿ ನಿಂತವರೆಲ್ಲ ತಿರುಗಿದರು. ಹಾಜರಿ ಕೂಗುವ ಮೇಷ್ಟರಿಗೂ ನಮ್ಮ ಹೆಸರು ನೆನಪಿರದ ಕಾಲ ಅದು. ಇಡೀ ಬಸ್ ಸ್ಟ್ಯಾಂಡು ತಿರುಗಿ ನೋಡಿತ್ತು. ಆ ಖುಷಿ ಸುಳ್ಳು ಅಂತ ಈಗ ಹೇಳಿದರೆ ಅದೇ ಸುಳ್ಳು.

ಗಾಡಿ ಮಾತ್ರ ಎಳೆಯುವುದನ್ನು ನಿಲ್ಲಿಸಿತು. ಏರಿನಲ್ಲಿ ಇಬ್ಬರು ಕೂತರೆ ಮೊದಲನೇ ಗೇರು. ಪೆಟ್ರೋಲು ಹೆಚ್ಚು ಕುಡಿಯತೊಡಗಿತು. ಮೆಕ್ಯಾನಿಕ್ ಹತ್ತಿರ ಹೋದರೆ ನಕ್ಕುಬಿಟ್ಟ. ಟು ಸ್ಟ್ರೋಕ್ ಗಾಡಿಯಲ್ಲಿ ಹೊಗೆ ಹೊರಗೆ ಹೋಗುವ ಬಾಗಿಲು ತೆರೆದಿರುವಾಗಲೇ ಹೊಸ ಪೆಟ್ರೋಲು ಒಳಗೆ ಬರುತ್ತದೆ. ಸೈಲೆನ್ಸರಿನ ಆಕಾರವೇ ಒಂದು ಅಲೆಯನ್ನು ಹಿಂದಕ್ಕೆ ತಳ್ಳಿ, ಆ ಪೆಟ್ರೋಲು ಹೊರಗೆ ಸೋರದ ಹಾಗೆ ತಡೆಯುತ್ತದೆ. ಅದರ ಲೆಕ್ಕ ಕೆಡಿಸಿದರೆ ಸುಡದ ಪೆಟ್ರೋಲು ಹೊಗೆಯ ಜೊತೆ ಆಚೆ ಹೋಗುತ್ತದೆ. “ಸೌಂಡ್ ಬಂತು ಅಂದ್ರೆ ಪವರ್ ಬಂತು ಅಂತಲ್ಲ ಕಣ್ರೋ, ನಿಮ್ ದುಡ್ಡು ಹೋಗೋ ಸೌಂಡ್ ಅದು” ಅಂದ. ಹದಿನೈದು ದಿನಕ್ಕೆ ಪೈಪು ವಾಪಸ್ ಹಾಕಿಸಿದೆವು. ಬುದ್ಧಿ ಬಂದು ಹಾಕಿಸಿದ್ದಲ್ಲ, ಪೆಟ್ರೋಲಿಗೆ ದುಡ್ಡಿರಲಿಲ್ಲ.

ಈಗಿನ ಗಾಡಿಗಳು ಫೋರ್ ಸ್ಟ್ರೋಕ್, ವ್ಯವಹಾರ ಬೇರೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಗಾಡಿಗಳಲ್ಲಿ ಹೊಗೆ ಹೋಗುವ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಇರುತ್ತದೆ, ಅದು ಹೇಳಿದ ಲೆಕ್ಕಕ್ಕೆ ಎಂಜಿನ್ನಿಗೆ ಪೆಟ್ರೋಲು ಬರುತ್ತದೆ. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರೂ ಆ ಪೈಪಿನಲ್ಲೇ ಕೂತಿರುತ್ತದೆ. ಅದರಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ದುಬಾರಿ ಲೋಹಗಳ ಲೇಪ ಇರುತ್ತದೆ. ಹಳೇ ಸೈಲೆನ್ಸರ್ ಇಲ್ಲೇ ಬಿಟ್ಟು ಹೋಗು ಅಂತ ಅಂಗಡಿಯವರು ಪ್ರೀತಿಯಿಂದ ಹೇಳಿದರೆ ಹುಡುಗರು ಒಂದು ಸಲ ಯೋಚಿಸಬೇಕು. ಗುಜರಿಗೆ ಹೋಗುವ ಆ ಕಬ್ಬಿಣದ ಹೊಟ್ಟೆಯಲ್ಲಿ ಕಬ್ಬಿಣ ಮಾತ್ರ ಇರುವುದಿಲ್ಲ.

ಅಕ್ಕನ ಮಗ ಹಾಗೇ ಬಿಟ್ಟು ಬಂದಿದ್ದ. ಹೊಸ ಪೈಪಿಗೆ 2,200 ರೂಪಾಯಿ ಕೊಟ್ಟಿದ್ದ. ಈರುಳ್ಳಿ ಲೋಡು ಮಾಡಲು ಹೋಗಿ ಕೂಡಿಸಿದ ದುಡ್ಡು.

ಆ ರಾತ್ರಿ ಫೋನ್ ಮಾಡಲಿಲ್ಲ. ಹೋದೆವು. ಅವನ ಕಣ್ಣಲ್ಲಿ ‘ಮಾಮ ಬಂದ, ಆಯ್ತು’ ಅನ್ನುವ ಧೈರ್ಯ ಕಂಡಿತು. ಸಾಹೇಬರಿಗೆ ನಮಸ್ಕಾರ ಹೇಳಿ, “ನಮ್ಮ ಹುಡುಗನೇ ಸಾರ್. ಏನು ದಂಡ ಐತೋ ಹಾಕಿ, ರಶೀದಿ ಕೊಡಿ” ಅಂದೆವು. ಹುಡುಗ ನಮ್ಮನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಮನೆಗೆ ಬರುವವರೆಗೆ ಹಿಂದೆ ಕೂತವನು ಒಂದು ಮಾತಾಡಲಿಲ್ಲ.

ಕಾನೂನು ಏನಿದೆ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇವೆ, ಬಹಳ ಹುಡುಗರು ನೂರೋ ಇನ್ನೂರೋ ಅಂದುಕೊಂಡಿದ್ದಾರೆ. ಪ್ರತಿ ಗಾಡಿಗೂ ಸದ್ದು ತಗ್ಗಿಸುವ ಸೈಲೆನ್ಸರ್ ಇರಲೇಬೇಕು ಅನ್ನುವುದು ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ. ಕಾರ್ಖಾನೆಯಿಂದ ಬರುವ ಬೈಕಿನ ಸದ್ದಿಗೆ ಮಿತಿ ಇದೆ: 80 ಸಿಸಿವರೆಗೆ 75 ಡೆಸಿಬಲ್, 175 ಸಿಸಿವರೆಗೆ 77, ಅದಕ್ಕೂ ದೊಡ್ಡದಕ್ಕೆ 80. ಡೆಸಿಬಲ್ ಲೆಕ್ಕ ನಮ್ಮ ಕೂಡು ಲೆಕ್ಕದ ಹಾಗಲ್ಲ. ಹತ್ತು ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು, ಇಪ್ಪತ್ತು ಏರಿದರೆ ನೂರು ಪಟ್ಟು. ಶಬ್ದದ ನಿಯಮ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂ ಬರುತ್ತದೆ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಇಲ್ಲ. ಕಾಯ್ದೆ ಒಪ್ಪದ ಹಾಗೆ ಗಾಡಿ ಮಾರ್ಪಾಡು ಮಾಡಿಸಿದ ಮಾಲೀಕನಿಗೆ 182ಎ ಕಲಮಿನಲ್ಲಿ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಬೇರೆ ಇದೆ. ಮಾಲೀಕ ಅಂದರೆ ಆರ್‌ಸಿಯಲ್ಲಿ ಹೆಸರಿರುವವರು. ನಮ್ಮ ಹಳ್ಳಿಗಳಲ್ಲಿ ಅದು ಬಹುತೇಕ ಅಪ್ಪನ ಹೆಸರು.

ಮಾರನೇ ದಿನ ಬೆಳಿಗ್ಗೆ ಹುಡುಗನಿಗೆ ಬಾಯಿ ಬಂತು.

“ಮಾಮ, ಹೈವೇಲಿ ಹೋಗ್ಬೇಕು. ಸೌಂಡ್ ಇದ್ರೆ ಲಾರಿಯೋನ್ಗೆ ನಾವ್ ಬರ್ತಿರೋದು ಗೊತ್ತಾಗ್ತೈತೆ. ಸೇಫ್ಟಿಗೆ ಹಾಕ್ಸಿದ್ದು.”

ಇದನ್ನು ಹುಡುಗರೆಲ್ಲ ಹೇಳುತ್ತಾರೆ, ವಿದೇಶದ ದೊಡ್ಡ ಬೈಕಿನವರೂ ಹೇಳುತ್ತಾರೆ. ತಳ್ಳಿಹಾಕುವ ಮೊದಲು ಯೋಚಿಸಿದೆವು, ಯಾಕೆಂದರೆ ಈ ಹೆದ್ದಾರಿಯಲ್ಲಿ ಬಿದ್ದವರ ಸುದ್ದಿಯನ್ನು ನಾವು ಎಷ್ಟೋ ಸಲ ಕಳಿಸಿದ್ದೇವೆ. ಆದರೆ ಸೈಲೆನ್ಸರಿನ ಬಾಯಿ ಇರುವುದು ಹಿಂದಕ್ಕೆ. ಸದ್ದಿನ ಹೆಚ್ಚಿನ ಪಾಲು ಹೋಗುವುದು ನೀವು ದಾಟಿ ಬಂದವರ ಕಡೆಗೆ. ಅಪಾಯ ಇರುವುದು ಮುಂದೆ: ಯೂ ಟರ್ನ್ ಹೊಡೆಯುವ ಟ್ರ್ಯಾಕ್ಟರು, ಎದುರಿಗೆ ರಾಂಗ್ ಸೈಡಲ್ಲಿ ಬರುವ ಆಟೊ, ಇಂಡಿಕೇಟರ್ ಹಾಕದೆ ಎಳೆಯುವ ಲಾರಿ. ಅಮೆರಿಕದಲ್ಲಿ ಹ್ಯಾರಿ ಹರ್ಟ್ ಎಂಬುವರ ತಂಡ ಲಾಸ್ ಏಂಜಲೀಸ್ ಸುತ್ತಿನ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರೀಕ್ಷಿಸಿ 1981ರಲ್ಲಿ ವರದಿ ಕೊಟ್ಟಿತು. ಬೈಕಿಗೆ ಎದುರಾದ ಅಪಾಯ ಬಹುಪಾಲು ಮುಂದಿನಿಂದಲೇ ಬಂದಿತ್ತು. ಲಾರಿಯ ಕ್ಯಾಬಿನ್ನಿನಲ್ಲಿ ಅದರದೇ ಎಂಜಿನ್ ಸದ್ದು, ಮೇಲೆ ಹಾಡು. ಮುಂದಿರುವವನಿಗೆ ನಮ್ಮನ್ನು ತೋರಿಸುವುದು ಹಾರನ್ನು ಮತ್ತು ಹೆಡ್‌ಲೈಟು. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳ ಹೆಡ್‌ಲೈಟು ಹಗಲಲ್ಲೂ ಆರದ ಹಾಗೆ ಮಾಡಿರುವುದು ಅದಕ್ಕೇ.

ಇನ್ನೊಂದಿದೆ. ಆ ಸದ್ದಿಗೆ ಎಲ್ಲರಿಗಿಂತ ಹತ್ತಿರ ಇರುವ ಕಿವಿ ಓಡಿಸುವವನದ್ದೇ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಇರಬಾರದು, ಮೂರು ಡೆಸಿಬಲ್ ಏರಿದಂತೆಲ್ಲ ಆ ಹೊತ್ತು ಅರ್ಧಕ್ಕೆ ಇಳಿಯಬೇಕು ಎಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗೆ ಲೆಕ್ಕ ಹಾಕುತ್ತ ಹೋದರೆ 100 ಡೆಸಿಬಲ್‌ಗೆ ಸಿಗುವುದು ಹದಿನೈದು ನಿಮಿಷ.

“ಹಂಗಾದ್ರೆ ಗಣಪತಿ ಮೆರವಣಿಗೇಲಿ ಡಿಜೆ ಹಾಕ್ತಾರಲ್ಲ? ಎಲೆಕ್ಷನ್ ಟೈಮಲ್ಲಿ ಇವ್ರೇ ಬೈಕ್ ರ್‍ಯಾಲಿ ಮಾಡ್ಸಿ ರೈಸ್ ಮಾಡ್ರೋ ಅಂತಾರಲ್ಲ? ಅವಾಗ ಯಾರೂ ಹಿಡಿಯಲ್ಲ.”

ಈ ಮಾತಿಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಅವನು ಹೇಳಿದ್ದು ನಿಜ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮೀರಬಾರದು ಅಂತ 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಆ ನಿಯಮ ಹುಡುಗನ ಬೈಕಿಗೆ ನೆನಪಾದಷ್ಟು ಸುಲಭವಾಗಿ ನಾಯಕರ ಮೆರವಣಿಗೆಗೆ ನೆನಪಾಗುವುದಿಲ್ಲ. ವಶಪಡಿಸಿಕೊಂಡ ಸೈಲೆನ್ಸರ್‌ಗಳನ್ನು ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸುವ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ಅಂಥ ಸುದ್ದಿಗೆ ಫೋಟೊ ಚೆನ್ನಾಗಿ ಬರುತ್ತದೆ, ನಾವೂ ಖುಷಿಯಿಂದ ಹಾಕುತ್ತೇವೆ. ಆ ಪೈಪು ಮಾರಿದ ಅಂಗಡಿಯ ಫೋಟೊ ಬಂದದ್ದನ್ನು ಮಾತ್ರ ನಾವು ಕಂಡಿಲ್ಲ.

ಅದಕ್ಕೇ ವಾದ ಮುಂದುವರಿಸಲಿಲ್ಲ. ಅಜ್ಜನ ಮನೆಗೆ ಕರೆದುಕೊಂಡು ಹೋದೆವು. ಹೋಗುವಾಗ ಏನೂ ಹೇಳಿರಲಿಲ್ಲ. ಅಜ್ಜ ಜಗಲಿ ಮೇಲೆ ಕೂತು ಎಡಗೈಯಲ್ಲಿ ಕಡ್ಲೇಕಾಯಿ ಬಿಡಿಸುತ್ತಿದ್ದರು. ಬಲಗೈ ತೊಡೆ ಮೇಲೆ ಸುಮ್ಮನೆ ಬಿದ್ದಿತ್ತು. ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬೈಕ್ ಯಾವುದು, ಮೈಲೇಜ್ ಎಷ್ಟು ಕೊಡ್ತೈತೆ ಅಂತೆಲ್ಲ ಕೇಳಿದರು. ಅಲ್ಲಿ ನಮ್ಮ ಕಥೆ ಹೇಳಿದೆವು. ಅಂದರೆ ನಾವು ಮಾಡಿದ ಫೋನಿನ ಕಥೆ, ಅಜ್ಜನ ಎದುರಿಗೇ. ಅಜ್ಜ ಕಡ್ಲೇಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಗೊತ್ತಿತ್ತು ಬುಡಪ್ಪ” ಅಂದರು. ಅಷ್ಟೇ.

ಹೊಸ ಕಂಪನಿ ಸೈಲೆನ್ಸರಿನ ಬೆಲೆ ಕೇಳಿ ಹುಡುಗನ ಮುಖ ಸಣ್ಣಗಾಯಿತು. ಅವನು ಹಾಕಿಸಿದ್ದ ಪೈಪಿನ ಬೆಲೆಗೆ ಅದರ ಹತ್ತಿರವೂ ಹೋಗಲಾಗುವುದಿಲ್ಲ. ಎರಡು ದಿನ ಹುಡುಕಿ ಹಿರಿಯೂರಿನಲ್ಲಿ ಅದೇ ಮಾಡೆಲ್ಲಿನ ಸೆಕೆಂಡ್ ಹ್ಯಾಂಡ್ ಹಿಡಿದೆವು. ಅರ್ಧ ದುಡ್ಡು ಅವನದು, ಅರ್ಧ ನಮ್ಮದು. ಅವನ ಅರ್ಧಕ್ಕೆ ಮತ್ತೆ ಈರುಳ್ಳಿ ಲೋಡು. ಹಾಕಿಸಿ ಸ್ಟಾರ್ಟ್ ಮಾಡಿದಾಗ ಬಗ್ಗಿ ಕಿವಿ ಕೊಟ್ಟ. “ಆನ್ ಆಗೈತೋ ಇಲ್ವೋ ಅನ್ನಂಗೈತಲ್ಲ ಮಾಮ” ಅಂದ.

ಒಂದು ವಾರ ಬಿಟ್ಟು ಅಕ್ಕ ಫೋನ್ ಮಾಡಿದಳು. ಒಳ್ಳೇ ಮಾತು ಹೇಳುತ್ತಾಳೆ ಅಂದುಕೊಂಡು ಎತ್ತಿದೆವು. “ನಿಂದೊಂದು ಕತೆ ಕಣೋ. ಮೊದ್ಲಾದ್ರೆ ಅವ್ನು ಹೈವೇ ಕ್ರಾಸ್ ಇಳಿದ್ರೆ ಸಾಕು, ಇಲ್ಲಿಗೆ ಕೇಳ್ಸೋದು. ಬಂದ ಅಂತ ಮುದ್ದೆಗೆ ಎಸ್ರು ಇಡ್ತಿದ್ದೆ. ಈಗ ಬಾಗ್ಲು ಬಡಿಯೋವರ್ಗೂ ಗೊತ್ತಾಗಲ್ಲ. ಅಲ್ಲೀವರ್ಗೂ ನಿದ್ದೆ ಬರಲ್ಲ ನಂಗೆ.”