ಬಸ್ಸಿನ ಲೆಕ್ಕ

ಸುವಾನಿಯ ನಾವು ರೈಲು ಹತ್ತಬೇಕೆಂದರೆ ಮೊದಲು ಕಾರು ಹತ್ತಬೇಕು! ಅಟ್ಲಾಂಟಾದಲ್ಲಿ ಮಾರ್ಟಾ ರೈಲು ಓಡಲಾರಂಭಿಸಿದ್ದು 1979ರಲ್ಲಿ. ನಮ್ಮ ದಿಕ್ಕಿಗೆ ಅದು ಡೋರಾವಿಲ್‌ನಲ್ಲೇ ನಿಂತುಬಿಟ್ಟಿದೆ. 1971, 1990 ಮತ್ತು 2019ರಲ್ಲಿ ಮಾರ್ಟಾ ಬೇಡವೆಂದ ನಮ್ಮ ಗ್ವಿನೆಟ್ ಕೌಂಟಿಯ ಮತದಾರರು, 2020 ಮತ್ತು 2024ರಲ್ಲಿ ಸಾರಿಗೆಗಾಗಿ ಡಾಲರಿಗೊಂದು ಸೆಂಟು ತೆರಿಗೆಯನ್ನೂ ಒಪ್ಪಲಿಲ್ಲ.

"ಕೋವಿಡ್ ಆದ ಮೇಲೆ ಜನವೇ ಹತ್ತುವುದಿಲ್ಲ, ಬಸ್ಸೇಕೆ?" ಎನ್ನುವವರಿದ್ದಾರೆ. ಮಾರ್ಟಾ ಪ್ರಯಾಣಿಕರ ಸಂಖ್ಯೆ 2024ರಲ್ಲೂ 2019ರ ಮಟ್ಟ ಮುಟ್ಟಿರಲಿಲ್ಲ, ನಿಜ. ನಮ್ಮ ಐಟಿಯವರೇ ಎಷ್ಟೋ ಮಂದಿ ಮನೆಯಲ್ಲಿ ಕೂತು ಕೆಲಸ ಮಾಡುತ್ತಾರಲ್ಲ! ಆದರೆ ಆಸ್ಪತ್ರೆಯ, ಅಂಗಡಿಯ, ಹೋಟೆಲಿನ ಕೆಲಸ ಮನೆಯಿಂದ ಆದೀತೆ?

ಕರ್ನಾಟಕದಲ್ಲಿ 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಹೆಂಗಸರಿಗೆ ಪ್ರಯಾಣ ಉಚಿತ, ಆದರೂ ಕಂಡಕ್ಟರ್ ಶೂನ್ಯ ದರದ ಟಿಕೆಟ್ ಕೊಡುತ್ತಾರೆ. ಆ ಲೆಕ್ಕದ ಮೇಲೆ ಸರ್ಕಾರ ನಿಗಮಗಳಿಗೆ ಹಣ ತುಂಬಿಕೊಡಬೇಕು. ನೂಕುನುಗ್ಗಲು, ಬಾಕಿ ಹಣ ಎಂದು ಗೊಣಗಾಟ ಇದ್ದೇ ಇದೆ. ಆದರೆ ಯಾರ ಮುಂದೆಯೂ ಕೈಚಾಚದೆ ಸಂತೆಗೋ ತವರಿಗೋ ಹೋಗಿಬಂದವಳ ಲೆಕ್ಕವೂ ಆ ಚೀಟಿಯಲ್ಲಿದೆ. ನಮಗೆ ಹಿಡಿಸಿದ ಲೆಕ್ಕ ಅದೇ.

ಇಲ್ಲಿ ನೋಡಿ. ಊರಿನಲ್ಲಿ ಒಬ್ಬರೇ ಸಿಟಿ ಬಸ್ಸು ಹತ್ತಿ ಮಾರ್ಕೆಟ್ಟು, ದೇವಸ್ಥಾನ ಸುತ್ತುತ್ತಿದ್ದ ನಮ್ಮ ಅಮ್ಮ, ಅತ್ತೆಯಂದಿರು ಆರು ತಿಂಗಳಿಗೆಂದು ಬಂದು, ಕಿಟಕಿಯ ಬಳಿ ಶನಿವಾರಕ್ಕೆ ಕಾಯುತ್ತಾರೆ. "ನಿನಗೆ ಬಿಡುವಾದರೆ ಕರೆದುಕೊಂಡು ಹೋಗಪ್ಪಾ" ಎನ್ನಲೂ ಅವರಿಗೆ ಸಂಕೋಚ. ಇಲ್ಲದ ಬಸ್ಸಿಗೆ ಹತ್ತದವರನ್ನು ಎಣಿಸುವವರು ಯಾರು? ಮುಂದೆ ಇಂಥ ಮತದಾನ ಬಂದರೆ, ಹಕ್ಕಿರುವ ನಮ್ಮವರು ಹೊರಡುವ ಮುಂಚೆ ಅವರನ್ನೊಮ್ಮೆ ಕೇಳಿ.