ಎರಡು ಮತ

ನನ್ನ ಪಿಎಚ್‌.ಡಿ. ಟಿಪ್ಪಣಿಗಳಲ್ಲಿ ನಾನು ಮತ್ತೆಮತ್ತೆ ನೋಡುವುದು ಎರಡು ಸಂಖ್ಯೆಗಳನ್ನು: 856, 854. 2006ರ ಡಿಸೆಂಬರ್, ಮಾಂಟ್ರಿಯಲ್. ಕೆನಡಾದ ಲಿಬರಲ್ ಪಕ್ಷ ನಾಯಕನನ್ನು ಆರಿಸಿದ ಸಮಾವೇಶ. ಮೊದಲ ಸುತ್ತಿನಲ್ಲಿ ಮೈಕಲ್ ಇಗ್ನಾಟಿಯೆಫ್ ಎಲ್ಲರಿಗಿಂತ ಮುಂದೆ. ಮೂರನೆಯವರಾದ ಸ್ಟೆಫಾನ್ ಡಿಯಾನ್‌ಗೂ ನಾಲ್ಕನೆಯವರಾದ ಜೆರಾರ್ಡ್ ಕೆನಡಿಗೂ ಇದ್ದ ಅಂತರ ಎರಡೇ ಮತ. ಎರಡನೇ ಸುತ್ತಾದ ಮೇಲೆ ಕೆನಡಿ ಎಲ್ಲರೆದುರೇ ಡಿಯಾನ್ ಪಾಳಯ ಸೇರಿದರು. ನಾಲ್ಕನೇ ಸುತ್ತಿನಲ್ಲಿ 2521 ಮತ ಪಡೆದು ಡಿಯಾನ್ ಗೆದ್ದರು.

ಶಾಸಕಾಂಗ ಪಕ್ಷದ ಸಭೆಗಳು ‘ಹೈಕಮಾಂಡ್ ತೀರ್ಮಾನಕ್ಕೆ ಬದ್ಧ’ ಎಂಬ ಒಂದು ಸಾಲಿನಲ್ಲಿ ಮುಗಿಯುವುದನ್ನು ಟಿವಿಯಲ್ಲಿ ನೋಡುತ್ತಲೇ ಬೆಳೆದವಳಿಗೆ ಆ ಬಹಿರಂಗ ಚೌಕಾಸಿಯ ಮೇಲೂ ಅಸೂಯೆ. (ಗೈಡ್ ಇದನ್ನು ಭಾವುಕತೆ ಎನ್ನುತ್ತಾರೆ.) ಆದರೆ ಹೆಚ್ಚಿನವರಿಗೆ ಡಿಯಾನ್ ಮೊದಲ ಆಯ್ಕೆಯಾಗಿರಲೇ ಇಲ್ಲ. 2008ರ ಚುನಾವಣೆಯಲ್ಲಿ ಪಕ್ಷ ಸೋತಿತು. ಅದೇ ಡಿಸೆಂಬರ್‌ನಲ್ಲಿ ಇಗ್ನಾಟಿಯೆಫ್ ಹಂಗಾಮಿ ನಾಯಕರಾದರು. ಮುಂದಿನ ವರ್ಷದ ಸಮಾವೇಶದಲ್ಲಿ ಅವರ ಎದುರು ನಿಲ್ಲುವವರೇ ಇರಲಿಲ್ಲ.