ಸಂಗಮದ ನಡುಗಡ್ಡೆಗೆ ಬಾಡಿಗೆ ಕಾರಿನಲ್ಲಿ

ಯಾತ್ರೆಯೆಂಬುದು ನಮ್ಮ ಹಿರಿಯರ ಕಾಲದಲ್ಲಿ ಕಾಲ್ನಡಿಗೆಯ ಮಾತಾಗಿತ್ತು; ಬಳಿಕ ಚಕ್ಕಡಿಯ ಮಾತಾಯಿತು; ನಮ್ಮ ಯೌವನದಲ್ಲಿ ಸರಕಾರಿ ಬಸ್ಸಿನ ಮಾತಾಗಿತ್ತು. ಈಗ ದಾವಣಗೆರೆಯ ವಿನೋಬನಗರದಂಥ ಬಡಾವಣೆಗಳಲ್ಲಿ ಯಾತ್ರೆಯೆಂದರೆ ಮನೆಯ ಬಾಗಿಲಿಗೆ ಬಂದು ನಿಲ್ಲುವ ಬಾಡಿಗೆ ಕಾರು. ವಯಸ್ಸಾದವರಿಗೂ ಮಂಡಿನೋವಿನವರಿಗೂ ಇದರಿಂದ ಅನುಕೂಲವೇ ಆಗಿದೆ, ಇದನ್ನು ತಪ್ಪೆನ್ನಲಾಗದು. ಆದರೆ ಬಸ್ಸಿನಲ್ಲಿ ನಮ್ಮ ಮೇಲಿಲ್ಲದ ಒಂದು ಹೊಣೆ ಇದರಲ್ಲಿ ನಮ್ಮ ಮೇಲೆ ಬೀಳುತ್ತದೆ. ಬಸ್ಸಿನ ಚಾಲಕನ ಊಟ, ನಿದ್ರೆ, ಸರದಿಗಳನ್ನು ಸಂಸ್ಥೆ ಗೊತ್ತುಪಡಿಸುತ್ತದೆ. ಬಾಡಿಗೆ ಕಾರಿನ ಚಾಲಕನ ಊಟ ನಿದ್ರೆಗಳು ಆ ದಿನದ ಮಟ್ಟಿಗೆ ನಮ್ಮ ಕೈಯಲ್ಲಿರುತ್ತವೆ. ಈ ಮಾತು ನಮಗೆ ತಡವಾಗಿ ತಿಳಿಯಿತು. ತಿಳಿದದ್ದನ್ನು ಶರಣ ಬಂಧುಗಳ ಮುಂದಿಡುವುದಕ್ಕಾಗಿ ಈ ಲೇಖನ.

ಎಪ್ಪತ್ತೈದು ದಾಟಿದ ನಮ್ಮ ಅಕ್ಕನವರಿಗೆ ಬಹುದಿನದಿಂದ ಒಂದೇ ಆಸೆ. ಕೂಡಲಸಂಗಮವನ್ನು ಅವರು ಬಾಲ್ಯದಲ್ಲಿ ಕಂಡಿದ್ದರು. ಆಗ ಅಣ್ಣನವರ ಐಕ್ಯಸ್ಥಳ ನದಿಯ ದಂಡೆಯಲ್ಲಿತ್ತು. ಈಗ ಅದು ನಡುನೀರಿನಲ್ಲಿದೆ ಎಂದು ಕೇಳಿದ್ದರು. ಕಾಲು ಪೂರ್ತಿ ಸೋಲುವ ಮೊದಲು ಅದನ್ನು ಕಣ್ಣಾರೆ ನೋಡಬೇಕೆಂದಿದ್ದರು. ಕಾರ್ತೀಕದಲ್ಲಿ ಹೊರಡುವುದೆಂದು ನಿಶ್ಚಯವಾಯಿತು. ಕಾರು ನಮ್ಮದೇ, ದಿನವೂ ನಮ್ಮದೇ ಎಂದ ಮೇಲೆ ಮನೆಯವರೆಲ್ಲ ಕುಳಿತು ಪಟ್ಟಿ ಬರೆದರು. ಅಕ್ಕನವರ ಸಂಗಮದ ಹಿಂದೆ ಮುಂದೆ ಹಂಪಿ, ತುಂಗಭದ್ರಾ ಅಣೆಕಟ್ಟು, ಆಲಮಟ್ಟಿಯ ಉದ್ಯಾನ, ಐಹೊಳೆ, ಬಾದಾಮಿ ಎಲ್ಲವೂ ಸೇರಿದವು. ಬೆಳಗಿನ ಐದಕ್ಕೆ ಬಿಟ್ಟು ಅದೇ ರಾತ್ರಿ ಮನೆ ಸೇರುವುದೆಂದು ತೀರ್ಮಾನ.

ಮುನ್ನಾದಿನ ಮಾತನಾಡಲು ಬಂದ ಚಾಲಕ ಹರಿಹರದ ಕಡೆಯ ಮೂವತ್ತರ ತರುಣ. ಪಟ್ಟಿಯನ್ನು ಎರಡು ಸಲ ಓದಿ, ಮಡಿಸಿ, ಮೇಜಿನ ಮೇಲಿಟ್ಟ.

"ಸ್ವಾಮೇರೆ, ಬರೇ ಸಂಗಮಕ್ಕೆ ಹೋಗಿ ಬರೋಕೇ ಹತ್ತು ತಾಸು ಗಾಡಿ ಓಡಿಸ್ಬೇಕು. ಇಷ್ಟೂ ಊರು ಸೇರ್ಸಿದ್ರೆ ನೀವು ಏನೂ ನೋಡಂಗಿಲ್ಲ, ರಾತ್ರಿ ನನಗೂ ಕಣ್ಣು ಎಳೀತವೆ. ಬರಲ್ಲ ಅಂತಲ್ಲ, ಇದ್ದದ್ದು ಹೇಳ್ದೆ."

ಅವನ ಲೆಕ್ಕ ಸರಿಯಾಗಿಯೇ ಇತ್ತು. ದಾವಣಗೆರೆಯಿಂದ ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಹೊಸಪೇಟೆ, ಕುಷ್ಟಗಿ, ಇಳಕಲ್ಲು, ಹುನಗುಂದ ಮಾರ್ಗವಾಗಿ ಕೂಡಲಸಂಗಮಕ್ಕೆ ಸುಮಾರು 240 ಕಿಲೋಮೀಟರು, ಹೋಗಿಬರಲು 480. ಒಂದೇ ದಿನದಲ್ಲಿ ಎಲ್ಲ ಮುಗಿಸಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆಂದು ನಮ್ಮ ಅಣ್ಣನ ಮಗ ಬೇರೊಬ್ಬನಿಗೆ ಫೋನು ಮಾಡಲು ಎದ್ದ. ನಾವು ಅವನನ್ನು ತಡೆದೆವು. ತಡೆದುದಕ್ಕೆ ಕಾರಣವಿತ್ತು.

ಒಂದು ಹಳೆಯ ಋಣ

ಕೆಲವು ವರ್ಷಗಳ ಹಿಂದೆ ದೂರದ ಊರೊಂದರ ಸಮಾರಂಭಕ್ಕೆ ಹೀಗೆಯೇ ಬಾಡಿಗೆ ಕಾರಿನಲ್ಲಿ ಹೋಗಿದ್ದೆವು. ಅಕ್ಕನವರೂ ಜೊತೆಗಿದ್ದರು. ಅಂದು ನಮಗೆ ಒಪ್ಪಿಸಿದ್ದ ವಿಷಯ ದಾಸೋಹ ತತ್ತ್ವ. ಒಂದು ತಾಸಿಗೂ ಮಿಗಿಲಾಗಿ ಮಾತನಾಡಿದೆವು, ಜನ ಮೆಚ್ಚಿದರು, ಶಾಲು ಹೊದಿಸಿದರು. ಪಂಕ್ತಿಯಲ್ಲಿ ಕುಳಿತು ಉಂಡೆವು. ಚಾಲಕನಿಗೆ ಯಾರೋ "ಆಮೇಲೆ ಬಾ" ಎಂದಿದ್ದರಂತೆ. ಆಮೇಲೆ ಹೋದಾಗ ಅಡುಗೆ ತೀರಿತ್ತು. ಅವನು ಬೆಳಗಿನ ಮೂರಕ್ಕೆ ಎದ್ದವನು; ಹಸಿದುಕೊಂಡೇ ಗಾಡಿ ತೆಗೆದ. ನಾವು ಕೇಳಲಿಲ್ಲ, ಅವನು ಹೇಳಲಿಲ್ಲ. ಮಧ್ಯರಾತ್ರಿ ಕಳೆದ ಮೇಲೆ ಅವನಿಗೆ ಜೊಂಪು ಹತ್ತಿ ಕಾರು ರಸ್ತೆ ಬಿಟ್ಟು ಜೋಳದ ಹೊಲಕ್ಕೆ ಇಳಿಯಿತು. ಅಕ್ಕನವರ ಮುಂಗೈ ಮುರಿಯಿತು. ಉಳಿದವರಿಗೆ ತರಚು ಗಾಯ. ಆ ಕತ್ತಲೆಯಲ್ಲಿ ಅವನು ನಮ್ಮ ಕಾಲು ಹಿಡಿದು ಕ್ಷಮೆ ಬೇಡಿದ. ಬೇಡಬೇಕಾದವರು ನಾವಾಗಿದ್ದೆವು, ಬೇಡಲಿಲ್ಲ. ಅವನು ಉಂಡಿರಲಿಲ್ಲವೆಂಬುದು ಮರುದಿನ ಆಸ್ಪತ್ರೆಯಲ್ಲಿ ತಿಳಿಯಿತು. ಮತ್ತೆ ಅವನನ್ನು ಹುಡುಕಲು ಹೋದಾಗ ಅವನು ಆ ಕೆಲಸ ಬಿಟ್ಟು ಬೇರೆ ಊರಿಗೆ ಹೋಗಿದ್ದ.

ಆದುದರಿಂದ, ಕಣ್ಣು ಎಳೆಯುತ್ತವೆಂದು ಮೊದಲೇ ಹೇಳಿದ ಈ ತರುಣನನ್ನು ಬಿಡಬಾರದೆನಿಸಿತು. ಪಟ್ಟಿಯಲ್ಲಿ ಸಂಗಮವೊಂದನ್ನು ಉಳಿಸಿ ಮಿಕ್ಕುದನ್ನೆಲ್ಲ ಹೊಡೆದುಹಾಕಿದೆವು. ಮಧ್ಯಾಹ್ನ ಹೊರಟು ಸಂಜೆಗೆ ಅಲ್ಲಿ ಸೇರಿ ತಂಗುವುದು. ಮರುದಿನ ಮುಂಜಾನೆಯೆಲ್ಲ ಕ್ಷೇತ್ರದಲ್ಲಿ ಕಳೆಯುವುದು. ಊಟವಾದ ಮೇಲೆ ಹಿಂದಿರುಗುವುದು. 1961ರಲ್ಲಿ ಬಂದ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯೇ ದಿನಕ್ಕೆ 8 ಗಂಟೆಯ ದುಡಿಮೆ, 5 ಗಂಟೆಗೊಮ್ಮೆ ಅರ್ಧ ಗಂಟೆಯಾದರೂ ವಿರಾಮ ಎಂಬ ಮಿತಿಯನ್ನು ಹಾಕಿತ್ತು. ಐದಾರು ಜನರನ್ನು ದುಡಿಸುವ ಸಂಸ್ಥೆಗೆ ಕಾನೂನು ಹೇಳಿದ್ದನ್ನು ಒಬ್ಬನನ್ನು ಕರೆದೊಯ್ಯುವ ನಾವು ಧರ್ಮವೆಂದು ಪಾಲಿಸಲು ಅಡ್ಡಿಯೇನಿದೆ?

ಬಾಡಿಗೆಯ ಮಾತು

ಹೊರಡುವ ಮೊದಲು ಮಾತು ಮುಗಿಸಿಕೊಳ್ಳುವುದು ಎರಡು ಕಡೆಗೂ ಕ್ಷೇಮ. ಕಿಲೋಮೀಟರಿಗೆ ಎಷ್ಟು, ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರಿನ ಬಾಡಿಗೆ (ಹೆಚ್ಚಿನ ಕಡೆ ಇದು 250ರಿಂದ 300), ಚಾಲಕನ ಭತ್ಯೆ ಎಷ್ಟು, ರಾತ್ರಿ ತಂಗಿದರೆ ಎಷ್ಟು, ಟೋಲು ಯಾರದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಗಾಡಿ ಹಳದಿ ಫಲಕದ್ದೇ ಎಂದು ನೋಡಬೇಕು. ಸ್ವಂತ ಬಳಕೆಯ ಬಿಳಿ ಫಲಕದ ಕಾರು ಅಗ್ಗಕ್ಕೆ ಸಿಗಬಹುದು. ಆದರೆ ಅದನ್ನು ಬಾಡಿಗೆಗೆ ಓಡಿಸಲು ಪರವಾನಗಿ ಇರುವುದಿಲ್ಲ, ಅಪಘಾತವಾದರೆ ವಿಮೆಯ ಹಣ ಕೈತಪ್ಪಬಹುದು.

ಭತ್ಯೆಯಲ್ಲಿ ಮಾತ್ರ ಚೌಕಾಸಿ ಬೇಡ. ಚಾಲಕನ ಇನ್ನೂರು ರೂಪಾಯಿಗೆ ಅರ್ಧ ತಾಸು ಜಗ್ಗಾಡಿದ ಕೈಯೇ ಕ್ಷೇತ್ರದ ಹುಂಡಿಗೆ ಸಾವಿರ ಹಾಕುವುದನ್ನು ನಾವು ಕಂಡಿದ್ದೇವೆ. ನಮ್ಮ ಕೈಯೂ ಹಾಗೆ ಮಾಡಿದೆ. ಗಂಡ ಮಾರಯ್ಯನು ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಹಿಂದಕ್ಕೆ ಸುರಿದು ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನ ಕಥೆ ನಮ್ಮ ಮನೆಗಳ ಮಕ್ಕಳಿಗೂ ಗೊತ್ತು. ಹೆಚ್ಚು ತಂದದ್ದು ಸಲ್ಲದೆಂದ ತಾಯಿ, ದುಡಿದವನಿಗೆ ಕಡಿಮೆ ಕೊಡುವುದನ್ನು ಒಪ್ಪುತ್ತಿದ್ದಳೇ?

ದಾರಿಯಲ್ಲಿ

ಮಧ್ಯಾಹ್ನ ಒಂದಕ್ಕೆ ವಿನೋಬನಗರವನ್ನು ಬಿಟ್ಟೆವು. ಹರಪನಹಳ್ಳಿ ಕೆಲವು ಕಾಲ ನಮ್ಮ ದಾವಣಗೆರೆ ಜಿಲ್ಲೆಯಲ್ಲಿಯೇ ಇತ್ತು. 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಈಗ ಸೇರಿದೆ. ಹೊಸಪೇಟೆಯ ಬಳಿ ಹೊಳೆ ದಾಟುವಾಗ ತರುಣ ಕಾರನ್ನು ನಿಧಾನಿಸಿ, "ಇದು ನಮ್ಮೂರ ಹೊಳೆನೇ ಸ್ವಾಮೇರೆ" ಎಂದ. ಹರಿಹರದಲ್ಲಿ ನಾವು ಕಾಣುವ ತುಂಗಭದ್ರೆಯೇ ಅದು. ಹರಿಹರಕ್ಕೂ ಹೊಸಪೇಟೆಗೂ ನಡುವೆ, ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರದ ದಂಡೆಯನ್ನು ಅವಳು ಮುಟ್ಟಿ ಬರುತ್ತಾಳೆ. ಅದು ಅಂಬಿಗರ ಚೌಡಯ್ಯನವರ ನೆಲೆಯೆಂದು ಪರಂಪರೆ ಹೇಳುತ್ತದೆ. ಶರಣರಲ್ಲಿ ಬಹುಮಂದಿ ತಮ್ಮ ಇಷ್ಟದೈವದ ಹೆಸರನ್ನು ವಚನಗಳಿಗೆ ಅಂಕಿತವಾಗಿಸಿದರೆ, ಚೌಡಯ್ಯನವರು ಹುಟ್ಟು ಹಾಕುವ ತಮ್ಮ ಹೆಸರನ್ನೇ ಅಂಕಿತವಾಗಿಸಿದರು. ಜನರನ್ನು ದಡ ಮುಟ್ಟಿಸುವ ಕಾಯಕವನ್ನು ಅಡಗಿಸದೆ ಹೆಸರಿನ ಮುಂದಿಟ್ಟುಕೊಂಡ ಶರಣರು ಅವರು. ಆಗ ನಮಗೆ ಒಂದು ಸಂಗತಿ ಹೊಳೆದು ನಾಚಿಕೆಯಾಯಿತು. ನೂರು ಕಿಲೋಮೀಟರು ಕಳೆದಿತ್ತು, ನಮ್ಮನ್ನು ದಾಟಿಸುತ್ತಿದ್ದವನ ಹೆಸರನ್ನು ನಾವಿನ್ನೂ ಕೇಳಿರಲಿಲ್ಲ. ಕೇಳಿದೆವು, ಹೇಳಿದ. ಪತ್ರಿಕೆಯಲ್ಲಿ ಬರೆಯುವುದು ಬೇಡವೆಂದು ಅವನು ಆಮೇಲೆ ಕೋರಿದ್ದರಿಂದ ಇಲ್ಲಿ ಬರೆದಿಲ್ಲ.

ಇಳಕಲ್ಲಿನಲ್ಲಿ ಚಹಾಕ್ಕೆ ನಿಂತೆವು. ಅಲ್ಲಿಯ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದವರು, 2018ರಲ್ಲಿ ಲಿಂಗೈಕ್ಯರಾದರು. ಸಂಜೆ ಆರೂವರೆಗೆ ಸಂಗಮ ಸೇರಿದೆವು. ತಂಗಲು ಹೋದ ವಸತಿಗೃಹವೊಂದರಲ್ಲಿ, "ಡ್ರೈವರ್ ಗಾಡಿಯಲ್ಲೇ ಮಲಗ್ತಾರಲ್ರೀ" ಎಂದರು. ತರುಣನೂ "ರೂಢಿ ಐತೆ" ಎಂದ. ನಾವು ಅವನಿಗೂ ಒಂದು ಹಾಸಿಗೆ ಕೇಳಿ ಪಡೆದೆವು. ಇದನ್ನು ಹಿರಿಮೆಗಾಗಿ ಹೇಳುತ್ತಿಲ್ಲ. ಜೋಳದ ಹೊಲದ ಆ ರಾತ್ರಿಯನ್ನು ನೆನೆದರೆ ಇದು ಬಡ್ಡಿಗೂ ಸಾಲದು.

ನೀರಿನೊಳಗಿನ ಐಕ್ಯಸ್ಥಳ

ಬಾಗಲಕೋಟೆ ಜಿಲ್ಲೆಯ ಹುನಗುಂದ ತಾಲ್ಲೂಕಿಗೆ ಸೇರಿದ ಈ ಕ್ಷೇತ್ರದಲ್ಲಿ, ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಮಹಾಬಳೇಶ್ವರದಿಂದ ಬಂದ ಕೃಷ್ಣೆಯನ್ನು ಕೂಡುತ್ತಾಳೆ. ಬಾಗೇವಾಡಿಯ ಮನೆಯನ್ನು ತೊರೆದ ಬಾಲಕ ಬಸವಣ್ಣನವರು ಬಂದದ್ದು ಇಲ್ಲಿಗೆ. ಕಲ್ಯಾಣದ ಕ್ರಾಂತಿಯ ಬಳಿಕ ಮರಳಿ ಬಂದು ಐಕ್ಯರಾದದ್ದೂ ಇಲ್ಲಿಯೇ. ಚಾಲುಕ್ಯ ಶೈಲಿಯ ಸಂಗಮನಾಥನ ಗುಡಿ ದಂಡೆಯಲ್ಲಿದೆ. ಕೆಳಗಡೆ ನಾರಾಯಣಪುರದಲ್ಲಿ ಕೃಷ್ಣೆಗೆ ಕಟ್ಟಿದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿದಾಗ ಹಿನ್ನೀರು ಈ ತನಕ ಹಬ್ಬಿತು. ಐಕ್ಯಲಿಂಗ ಮುಳುಗಬೇಕಾಗಿತ್ತು. ಅದನ್ನು ಎತ್ತಿ ಬೇರೆಡೆಗೆ ಸಾಗಿಸದೆ, ಇದ್ದ ನೆಲೆಯಲ್ಲಿಯೇ ಉಳಿಸಿ, ಸುತ್ತಲೂ ಬಾವಿಯಂತೆ ದುಂಡನೆಯ ಕಾಂಕ್ರೀಟು ಗೋಡೆಯನ್ನು ಎಬ್ಬಿಸಿದರು. ದಂಡೆಯಿಂದ ಅದರ ತುದಿಗೆ ಸೇತುವೆ. ತುದಿಯಿಂದ ತಳಕ್ಕೆ ಮೆಟ್ಟಿಲು. ಬೇಸಿಗೆಯಲ್ಲಿ ನೀರು ತಗ್ಗುತ್ತದೆ. ಮಳೆಗಾಲ ಮುಗಿದ ಹೊಸತರಲ್ಲಿ ಹೋದರೆ ನಾಲ್ಕೂ ಕಡೆ ನೀರು, ನಡುವೆ ಮನುಷ್ಯರು ಕಟ್ಟಿದ ಈ ನಡುಗಡ್ಡೆ. ತಳಕ್ಕಿಳಿದವರು ಹೊಳೆಯ ಮಟ್ಟಕ್ಕಿಂತ ಕೆಳಗೆ, ಒಣನೆಲದ ಮೇಲೆ ನಿಂತಿರುತ್ತಾರೆ.

ಮುಂಜಾನೆ ಅಕ್ಕನವರನ್ನು ಮೆಲ್ಲಗೆ ಸೇತುವೆಯ ಮೇಲೆ ನಡೆಸಿಕೊಂಡು ಹೋದೆವು. ಕುಡಿಯುವ ನೀರಿನ ಚೀಲವನ್ನು ಹಿಡಿದು ತರುಣನೂ ಬಂದಿದ್ದ. ಮೆಟ್ಟಿಲುಗಳನ್ನು ಕಂಡು ಅಕ್ಕನವರು ನಿಂತುಬಿಟ್ಟರು. ಇಳಿದರೆ ಹತ್ತುವುದಾಗದು. ಎತ್ತಿಕೊಂಡು ಹೋಗುವೆನೆಂದು ಅಣ್ಣನ ಮಗ ಹೇಳಿದರೂ ಒಪ್ಪಲಿಲ್ಲ. ನೀರಿನಾಚೆ ಕೈ ತೋರಿ ತಂಗಡಗಿ ಯಾವ ದಿಕ್ಕಿಗೆ ಎಂದು ಕೇಳಿದರು. ಕೃಷ್ಣೆಯ ಆಚೆಯ ದಂಡೆಯಲ್ಲಿ, ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ ನೀಲಮ್ಮ ತಾಯಿಯ ಐಕ್ಯಸ್ಥಳವಿದೆ. ಅಣ್ಣನವರ ಕರೆಯಂತೆ ಅಲ್ಲಿಯವರೆಗೆ ಬಂದ ತಾಯಿ, ಅಲ್ಲಿರುವ ಸಂಗಮ ಇಲ್ಲಿಲ್ಲವೇ ಎಂದು ಅಲ್ಲಿಯೇ ಲಿಂಗದಲ್ಲಿ ಬೆರೆತಳೆಂಬುದು ಪರಂಪರೆಯ ಕಥನ.

"ನೀಲಮ್ಮ ತಾಯಿಗೆ ಆಚೆ ದಂಡೇನೇ ಸಂಗಮ ಆತು. ನನಗೆ ಈ ಸೇತುವೆ ಸಾಕು" ಎಂದು ಅಕ್ಕನವರು ಅಲ್ಲಿಯೇ ಕುಳಿತರು. ಬಳಿಕ ತರುಣನ ಕಡೆ ತಿರುಗಿ, "ನೀ ಎಷ್ಟು ಸಲ ಇಳಿದೀಯಪ್ಪಾ?" ಎಂದರು.

"ಇಪ್ಪತ್ತು ಸಲ ಜನಾನ ಕರ್ಕೊಂಡು ಬಂದಿರಬೋದಮ್ಮಾ. ನಾನು ಇಳಿದಿಲ್ಲ. ಗಾಡಿ ಹತ್ರ ಇರ್ಬೇಕಲ್ಲ, ಸಾಮಾನು ಇರ್ತಾವೆ." ಸ್ವಲ್ಪ ತಡೆದು, "ನಾವು ಬೇರೆ ಜನ ಬೇರೆ. ಯಾರೂ ಬಾ ಅಂತಾನೂ ಅಂದಿಲ್ಲ" ಎಂದ.

ನಮ್ಮ ನಾಲಿಗೆಯ ತುದಿಗೆ ಮಾದಾರ ಚೆನ್ನಯ್ಯನವರು, ಡೋಹರ ಕಕ್ಕಯ್ಯನವರು, ಅನುಭವ ಮಂಟಪದ ತತ್ತ್ವ ಎಲ್ಲವೂ ಬಂದು ಸಾಲಾಗಿ ನಿಂತವು. ಅಕ್ಕನವರು ನಮಗೆ ಅವಕಾಶ ಕೊಡಲಿಲ್ಲ. ಕೈ ನೀಡಿ, "ಕೀಲಿ ಇತ್ತ ಕೊಡು, ನಾ ಹಿಡ್ಕಂಡು ಕೂತಿರ್ತೀನಿ" ಎಂದು ಕಾರಿನ ಕೀಲಿಯನ್ನು ಇಸಿದುಕೊಂಡು, ಸೆರಗಿನಲ್ಲಿ ಕಟ್ಟಿ ತಂದಿದ್ದ ಪತ್ರೆಯನ್ನು ಅವನ ಕೈಗಿಟ್ಟರು. "ನನ್ನ ಪಾಲಿಂದೂ ನೀನೇ ಇಟ್ಟು ಬಾ."

ಅವನು ನಮ್ಮ ಮುಂದೆ ಇಳಿದ. ನಾವು ಅವನ ಹಿಂದೆ ಇಳಿದೆವು. ಕೆಳಗೆ ತಂಪು, ಮಾತು ಗೋಡೆಗೆ ತಾಗಿ ಮರಳುತ್ತಿತ್ತು. ಲಿಂಗದ ಮುಂದೆ ಅವನು ಪತ್ರೆಯನ್ನು ಎರಡು ಪಾಲು ಮಾಡಿ ಇಟ್ಟು, ಬಹಳ ಹೊತ್ತು ಕಣ್ಣು ಮುಚ್ಚಿ ನಿಂತ. ನಾವು ಈ ಸ್ಥಳಕ್ಕೆ ಅನೇಕ ಬಾರಿ ಬಂದವರು; ಇದರ ಮೇಲೆ ಬರೆದವರು, ಮಾತನಾಡಿದವರು. ಅಷ್ಟು ಬಾರಿಯೂ ನಮ್ಮನ್ನು ಕರೆತಂದವರು ಮೇಲೆ ಬಿಸಿಲಿನಲ್ಲಿ ಗಾಡಿ ಕಾಯುತ್ತಿದ್ದರೆಂಬುದು ಆಗ ಮೊದಲ ಸಲ ನೆನಪಿಗೆ ಬಂದಿತು.

ಮಧ್ಯಾಹ್ನ ದಾಸೋಹದ ಪಂಕ್ತಿಯಲ್ಲಿ ಅವನು ಅಕ್ಕನವರ ಎಡಕ್ಕೆ ಕುಳಿತ. ಊಟದ ಮೇಲೆ ಒಂದು ತಾಸು ಮಲಗಿ ಎದ್ದು ಗಾಡಿ ತೆಗೆದ. ರಾತ್ರಿ ಒಂಬತ್ತರೊಳಗೆ ವಿನೋಬನಗರದ ಮನೆಯಲ್ಲಿದ್ದೆವು. ಚೀಟಿಯಲ್ಲಿ ಬರೆದಷ್ಟನ್ನು ಎಣಿಸಿ ಕೊಟ್ಟೆವು, ಎಣಿಸಿ ತೆಗೆದುಕೊಂಡ.

ಹಂಪಿ, ಐಹೊಳೆ, ಬಾದಾಮಿಗಳು ಉಳಿದವು. ಅಣ್ಣನ ಮಗ ಮೊನ್ನೆ ಮತ್ತೆ ಪಟ್ಟಿ ಬರೆಯುತ್ತಿದ್ದ. ಈ ಸಲ ಮೊದಲು ಚಾಲಕನಿಗೆ ಫೋನು ಮಾಡಿ, ದಿನಕ್ಕೆ ಎಷ್ಟು ಊರು ಸಾಧ್ಯವೆಂದು ಕೇಳಿಕೊಂಡು ಬರೆದಿದ್ದಾನೆ. ಓದುಗ ಬಂಧುಗಳಲ್ಲಿ ನಮ್ಮ ಬಿನ್ನಹವೂ ಇಷ್ಟೇ. ಮುಂದಿನ ಯಾತ್ರೆಗೆ ಕಾರು ಗೊತ್ತುಮಾಡುವಾಗ ಚಾಲಕನ ಹೆಸರು ಕೇಳಿರಿ. ಊಟಕ್ಕೆ ನಿಮ್ಮ ಪಂಕ್ತಿಯಲ್ಲಿ ಒಂದು ಎಲೆ ಹೆಚ್ಚು ಹಾಕಿಸಿರಿ. ಮಲಗಲು ಹಾಸಿಗೆ ಕೊಡಿಸಿರಿ. ಕ್ಷೇತ್ರ ಮುಟ್ಟಿದ ಮೇಲೆ ನಿಮ್ಮಲ್ಲೊಬ್ಬರು ಅರ್ಧ ತಾಸು ಕೀಲಿ ಹಿಡಿದು ಕುಳಿತು ಅವನನ್ನೂ ಒಳಗೆ ಕಳುಹಿಸಿರಿ.